ಅಮೆರಿಕಕ್ಕೆ ಮಾಡಿದ ಫೋನು ಬೆಂಗಳೂರಲ್ಲಿ ರಿಂಗ್ ಆಗುವುದು ಯಾಕೆ?

ಹೋದ ತಿಂಗಳು ಅಕ್ಕನ ಮಗ ಡಲ್ಲಾಸ್‌ನಿಂದ ದಾವಣಗೆರೆಗೆ ಬಂದಿದ್ದ. ಮನೆಯಲ್ಲಿ ಮದುವೆ. ಜವಳಿ ಅಂಗಡಿಯಲ್ಲಿ ಮೂರು ಗಂಟೆ ಕೂತು ಸೀರೆ ಆರಿಸಿದ್ದಾಯಿತು. "ಈ ಸಲ ನಾನೇ ಕೊಡ್ತೀನಿ" ಅಂತ ಅವನು ತನ್ನ ಅಮೆರಿಕದ ಕಾರ್ಡ್ ತೆಗೆದ. ಮಷೀನು ಒಪ್ಪಲಿಲ್ಲ. ಅಂಗಡಿಯವರು ಕಾರ್ಡನ್ನು ಅಂಗಿಗೆ ಒರೆಸಿ ಮತ್ತೆ ಹಾಕಿದರು. ಆಗಲೂ ಇಲ್ಲ.

ಕಾರ್ಡಿನ ಹಿಂದೆ ಹೊರದೇಶದಿಂದ ಮಾಡುವುದಕ್ಕೇ ಒಂದು ನಂಬರ್ ಇರುತ್ತದೆ. ಅದಕ್ಕೆ ಫೋನ್ ಮಾಡಿದ. ಸ್ಪೀಕರ್ ಆನ್ ಇತ್ತು. ನಮಗೆ ರಾತ್ರಿ ಎಂಟೂವರೆ, ಅವರಿಗೆ ಬೆಳಿಗ್ಗೆ. ಒಬ್ಬ ಹುಡುಗಿ ಎತ್ತಿದಳು. ಥೇಟ್ ಅಮೆರಿಕದವರ ಇಂಗ್ಲಿಷು. ಆದರೆ ಅವಳ ಹಿಂದೆ ಯಾರೋ ಗಂಡಸಿನ ದನಿ ಸ್ಪಷ್ಟವಾಗಿ ಕೇಳಿಸಿತು: "ಲೇ, ಊಟ ಆಯ್ತೇನೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಇವನು ಖುಷಿಯಿಂದ "ಮೇಡಂ, ಕನ್ನಡದವ್ರಾ?" ಅಂದ. ಒಂದು ಕ್ಷಣ ಆ ಕಡೆ ಸದ್ದೇ ಇಲ್ಲ. ಆಮೇಲೆ, ಕ್ಷಮಿಸಿ ಸರ್, ನಾನು ಇಂಗ್ಲಿಷ್‌ನಲ್ಲಿ ಮಾತ್ರ ಸಹಾಯ ಮಾಡಬಹುದು ಅಂತ ಇಂಗ್ಲಿಷ್‌ನಲ್ಲೇ ಉತ್ತರ ಬಂತು.

ನಲವತ್ತು ನಿಮಿಷದಲ್ಲಿ ಮೂರು ಜನರ ಹತ್ತಿರ ಮಾತಾಡಿದ. ಮೂವರೂ ಹೆಸರು, ಹುಟ್ಟಿದ ದಿನ ಕೇಳಿದರು. ಕಾರ್ಡ್ ಮಾತ್ರ ತೆರೆಯಲಿಲ್ಲ. ಅಕ್ಕ ತಾನೇ ಫೋನ್‌ಪೇ ಮಾಡಿ ಸೀರೆ ತಗೊಂಡಳು. "ಮಾಮ, ದುಡ್ಡು ತಗೊಳ್ಳೋವಾಗ ಒಬ್ರೇ ಇರ್ತಾರೆ, ಉತ್ತರ ಕೊಡೋವಾಗ ನೋಡು ಎಷ್ಟು ಜನ" ಅಂತ ಅವನು ದಾರಿಯುದ್ದಕ್ಕೂ ಗೊಣಗಿದ.

ಅವನದ್ದು ಅಮೆರಿಕದ ಕಾರ್ಡು ನಿಜ. ಆದರೆ ದಾವಣಗೆರೆಯಲ್ಲೇ ತಗೊಂಡ ಕಾರ್ಡ್ ಇಟ್ಟುಕೊಂಡವರ ಗೊಣಗಾಟವೂ ಇದೇ ಅಲ್ವಾ? ಫೋನ್ ಎಲ್ಲಿಗೋ ಹೋಗುತ್ತದೆ, ಯಾರೋ ಎತ್ತುತ್ತಾರೆ, ಕೆಲಸ ಆಗುವುದಿಲ್ಲ. ಹೀಗೇಕೆ ಆಗುತ್ತದೆ ಅಂತ ಬುಡದಿಂದ ನೋಡೋಣ.

ಒಂದು ಕಾರ್ಡು, ನಾಲ್ಕು ಪಾಲುದಾರರು

ಕಾರ್ಡ್ ಒಂದೇ ಕಂಪನಿಯದ್ದು ಅಂತ ನಮಗೆ ಕಾಣುತ್ತದೆ. ಅದರ ಹಿಂದೆ ಸಾಮಾನ್ಯವಾಗಿ ನಾಲ್ಕು ಪಾಲುದಾರರು ಇರುತ್ತಾರೆ.

ಸಾಲ ಕೊಡುವುದು ಕಾರ್ಡ್ ಕೊಟ್ಟ ಬ್ಯಾಂಕು. ಬಿಲ್ ಕಳಿಸುವುದು, ಬಡ್ಡಿ ಹಾಕುವುದು, ಕಾರ್ಡ್ ತಡೆಯುವುದು ಎಲ್ಲ ಅದರದೇ ಕೆಲಸ. ವೀಸಾ, ಮಾಸ್ಟರ್‌ಕಾರ್ಡ್, ರುಪೇ ಅಂತ ಮೂಲೆಯಲ್ಲಿ ಅಚ್ಚಾಗಿರುವುದು ಜಾಲದ ಹೆಸರು. ಜಾಲ ಅಂದರೆ ರಸ್ತೆ ಇದ್ದಹಾಗೆ. ಲೆಕ್ಕ ಅದರ ಮೇಲೆ ಓಡಾಡುತ್ತದೆ ಅಷ್ಟೇ, ನಮಗೆ ಸಾಲ ಕೊಡುವುದು ಅದಲ್ಲ. ಮೂರನೆಯದು ಅಂಗಡಿಯವರಿಗೆ ಮಷೀನು ಕೊಟ್ಟ ಬ್ಯಾಂಕು. ನಾಲ್ಕನೆಯವರು ಫೋನ್ ಎತ್ತುವವರು. ಎಷ್ಟೋ ಕಡೆ ಇವರು ಬ್ಯಾಂಕಿನ ನೌಕರರೇ ಅಲ್ಲ. ಬ್ಯಾಂಕು ಆ ಕೆಲಸವನ್ನು ಬೇರೆ ಕಂಪನಿಗೆ ಗುತ್ತಿಗೆ ಕೊಟ್ಟಿರುತ್ತದೆ. ಇದನ್ನೇ ಹೊರಗುತ್ತಿಗೆ ಅನ್ನುವುದು.

ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾಲು ತೂಕವಾಯಿತು, ದುಡ್ಡು ಬಂದಿಲ್ಲ. ದಲಾಲಿ ಅಂಗಡಿಗೆ ಹೋದರೆ ಗುಮಾಸ್ತ ಸಿಗುತ್ತಾನೆ. ಪುಸ್ತಕ ತೆಗೆದು ನಿಮ್ಮ ಲೆಕ್ಕ ಓದಿ ಹೇಳುತ್ತಾನೆ. "ಸಾಹುಕಾರ್ರು ಬರ್ಬೇಕು" ಅನ್ನುತ್ತಾನೆ. ಅವನ ಮೇಲೆ ಕೂಗಾಡಬಹುದು, ಆದರೆ ಗಲ್ಲಾಪೆಟ್ಟಿಗೆಯ ಕೀಲಿ ಅವನ ಹತ್ತಿರ ಇಲ್ಲ. ಕಸ್ಟಮರ್ ಕೇರ್ ಅಂದರೆ ಈ ಗುಮಾಸ್ತನೇ. ಇನ್ನೂ ಒಂದು ತೊಡಕು: ಈ ಗುಮಾಸ್ತ ಬೇರೆ ಅಂಗಡಿಯ ಸಂಬಳದವನು, ಕೂತಿರುವುದು ಬೇರೆ ಊರಲ್ಲಿ.

ಕರೆ ಸಮುದ್ರ ದಾಟಿದ್ದು ಹೇಗೆ

1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದೇ ವರ್ಷ ಅಮೆರಿಕದ ಜಿಇ ಕ್ಯಾಪಿಟಲ್ ದೆಹಲಿ ಪಕ್ಕದ ಗುರುಗಾಂವ್‌ನಲ್ಲಿ ತನ್ನ ಲೆಕ್ಕಪತ್ರ, ಗ್ರಾಹಕ ಸೇವೆಯಂಥ ಕೆಲಸಗಳಿಗೆ ಒಂದು ಘಟಕ ಶುರು ಮಾಡಿತು. ಈಗ ಜೆನ್‌ಪ್ಯಾಕ್ಟ್ ಎಂಬ ಹೆಸರಲ್ಲಿ ನಡೆಯುತ್ತಿರುವ ದೊಡ್ಡ ಕಂಪನಿಯ ಮೂಲ ಅದೇ. ಆಮೇಲೆ ಬೆಂಗಳೂರು, ಹೈದರಾಬಾದು, ಚೆನ್ನೈಗಳಲ್ಲೂ ಕಾಲ್ ಸೆಂಟರ್‌ಗಳು ತಲೆಯೆತ್ತಿದವು.

ಕಾರಣ ಮೊದಲಿಗೆ ಖರ್ಚು. ಅಮೆರಿಕದಲ್ಲಿ ಒಬ್ಬರಿಗೆ ಕೊಡುವ ಸಂಬಳದಲ್ಲಿ ಇಲ್ಲಿ ಹಲವರನ್ನು ಇಟ್ಟುಕೊಳ್ಳಬಹುದಿತ್ತು. ಇಂಗ್ಲಿಷ್ ಬಲ್ಲ ಪದವೀಧರರೂ ಬೇಕಾದಷ್ಟು ಸಿಗುತ್ತಿದ್ದರು. ಗಡಿಯಾರ ಇನ್ನೊಂದು ಕಾರಣ. ಅಲ್ಲಿನ ರಾತ್ರಿ ಇಲ್ಲಿನ ಹಗಲು, ಹಾಗಾಗಿ ಹೊತ್ತು ಮುಳುಗಿದ ಮೇಲೂ ಕೆಲಸ ನಿಲ್ಲಬೇಕಿಲ್ಲ. ಅಲ್ಲಿನ ಹಗಲಿನ ಕರೆಗಳಿಗೆ ಮಾತ್ರ ಇಲ್ಲಿಯವರು ರಾತ್ರಿಪಾಳಿ ಮಾಡಬೇಕು. ಶುರುವಿನ ವರ್ಷಗಳಲ್ಲಿ ನಮ್ಮ ಹುಡುಗ ಹುಡುಗಿಯರಿಗೆ ಅಮೆರಿಕದ ಉಚ್ಚಾರ ಕಲಿಸಿ, ಅಲ್ಲಿನ ಹೆಸರು ಇಟ್ಟುಕೊಳ್ಳಿ ಅಂತಲೂ ಹೇಳುತ್ತಿದ್ದರು. ಮನೆಯಲ್ಲಿ ಮಂಜುನಾಥ, ಪಾಳಿಯಲ್ಲಿ ಮೈಕ್.

ಮುಂದೆ ಫಿಲಿಪ್ಪೀನ್ಸ್ ಬಂತು. ಆ ದೇಶ ಸುಮಾರು ಅರ್ಧ ಶತಮಾನ ಅಮೆರಿಕದ ಆಳ್ವಿಕೆಯಲ್ಲಿತ್ತು, ಅಲ್ಲಿಯವರ ಇಂಗ್ಲಿಷು ಅಮೆರಿಕದವರ ಕಿವಿಗೆ ಹತ್ತಿರ. 2010ರ ಹೊತ್ತಿಗೆ ಫೋನಿನಲ್ಲಿ ಮಾತಾಡುವ ಕೆಲಸದಲ್ಲಿ ಮನಿಲಾ ನಮ್ಮನ್ನು ಹಿಂದೆ ಹಾಕಿತು.

ಈಗ ಫೋನ್ ನಂಬರಿಗೂ ಊರಿಗೂ ಸಂಬಂಧವೇ ಇಲ್ಲ. ನೀವು ಒತ್ತುವುದು ಅಮೆರಿಕದ ನಂಬರ್. ಯಾವ ಊರಲ್ಲಿ ಸೀಟು ಖಾಲಿ ಇದೆ ಅಂತ ಕಂಪ್ಯೂಟರ್ ನೋಡಿ, ಇಂಟರ್ನೆಟ್ ಮೂಲಕ ಕರೆಯನ್ನು ಅಲ್ಲಿಗೆ ದಾಟಿಸುತ್ತದೆ. ಹತ್ತು ನಿಮಿಷ ಬಿಟ್ಟು ಅದೇ ನಂಬರಿಗೆ ಮಾಡಿದರೆ ಇನ್ಯಾವುದೋ ದೇಶ ಎತ್ತಬಹುದು. ನಮ್ಮ ಹುಡುಗನ ಕರೆ ದಾವಣಗೆರೆಯಿಂದ ಅಮೆರಿಕದ ದಾರಿ ಹಿಡಿದು, ಕೊನೆಗೆ ಸೇರಿದ್ದು ಬಹುಶಃ 260 ಕಿಲೋಮೀಟರ್ ದೂರದ ಬೆಂಗಳೂರನ್ನು. ಬಸ್ಸಲ್ಲಿ ಹೋಗಿದ್ದರೂ ಆಗುತ್ತಿತ್ತು.

ಅಮೆರಿಕದವರಿಗೂ ಇದು ಹಿಡಿಸುವುದಿಲ್ಲ. ಡಿಸ್ಕವರ್ ಎಂಬ ಕಾರ್ಡ್ ಕಂಪನಿ, ನಮ್ಮ ಗ್ರಾಹಕ ಸೇವೆ ಪೂರ್ತಿ ಅಮೆರಿಕದಲ್ಲೇ ಇದೆ ಅನ್ನುವುದನ್ನೇ ಜಾಹೀರಾತು ಮಾಡಿಕೊಂಡಿತ್ತು. ಫೋನ್ ಎತ್ತಿದವರು ತಾವು ಯಾವ ದೇಶದಲ್ಲಿ ಕೂತಿದ್ದೇವೆ ಅಂತ ಹೇಳಬೇಕು, ಗ್ರಾಹಕರು ಕೇಳಿದರೆ ಅಮೆರಿಕದಲ್ಲಿರುವವರಿಗೆ ಕರೆ ದಾಟಿಸಬೇಕು ಎನ್ನುವ ಮಸೂದೆಯೊಂದು 2025ರಲ್ಲಿ ಅಲ್ಲಿನ ಸೆನೆಟ್ ಮುಂದೆ ಬಂತು.

ಆ ಹುಡುಗಿ ಯಾಕೆ ಹೂಂ ಅನ್ನಲಿಲ್ಲ

ಕರೆ ಪೂರ್ತಿ ರೆಕಾರ್ಡ್ ಆಗುತ್ತಿರುತ್ತದೆ. ಆಮೇಲೆ ಬೇರೆಯವರು ಕೂತು ಕೆಲವು ಕರೆಗಳನ್ನು ಕೇಳಿ ಅಂಕ ಹಾಕುತ್ತಾರೆ. ಶುಭಾಶಯ ಹೇಳಿದಳಾ, ಗುರುತು ಸರಿಯಾಗಿ ಕೇಳಿದಳಾ, ಕೊಟ್ಟ ಸಾಲುಗಳನ್ನು ಬಿಟ್ಟು ಏನಾದರೂ ಮಾತಾಡಿದಳಾ ಅಂತೆಲ್ಲ ನೋಡುತ್ತಾರೆ. ಅವಳ ಮುಂದಿನ ಪರದೆಯ ಮೇಲೆ ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಬರೆದಿರುತ್ತದೆ. ಅದು ನಾಟಕದ ಪಾಠ ಇದ್ದಹಾಗೆ. ಇಂಗ್ಲಿಷ್ ಸಾಲಿನಲ್ಲಿ ಕೂತವಳು ಕನ್ನಡದಲ್ಲಿ ಒಂದು ಮಾತಾಡಿದರೂ ಕೇಳುವವರ ಲೆಕ್ಕದಲ್ಲಿ ಅದು ತಪ್ಪು.

ಇನ್ನೊಂದು ಅಳತೆ ಸಮಯದ್ದು. ಒಂದು ಕರೆಗೆ ಸರಾಸರಿ ಇಷ್ಟು ನಿಮಿಷ ಅಂತ ಗುರಿ ಇರುತ್ತದೆ. ನಿಮ್ಮ ಕಥೆ ಉದ್ದವಾದಷ್ಟೂ ಅವಳ ಸರಾಸರಿ ಕೆಡುತ್ತದೆ. "ಇನ್ನೇನಾದರೂ ಸಹಾಯ ಬೇಕೇ" ಅಂತ ಅವರು ಬೇಗ ಕೇಳುವುದು, ಅರ್ಧದಲ್ಲೇ ಬೇರೆ ವಿಭಾಗಕ್ಕೆ ದಾಟಿಸುವುದು ಎಷ್ಟೋ ಸಲ ಇದಕ್ಕೇ. ಕೊನೆಗೆ ಬರುವ "ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ" ಎಂಬ ಮೆಸೇಜಿಗೆ ಸಿಟ್ಟಿನಲ್ಲಿ ಒಂದು ಅಂತ ಒತ್ತಿದರೆ ಅದು ಬ್ಯಾಂಕಿನ ನಿಯಮ ಮಾಡಿದವರಿಗೆ ತಟ್ಟುವುದಿಲ್ಲ. ಸಾಮಾನ್ಯವಾಗಿ ಆ ಹುಡುಗಿಯ ಲೆಕ್ಕಕ್ಕೆ ಹೋಗುತ್ತದೆ.

ಅವಳ ಅಧಿಕಾರಕ್ಕೂ ಬೇಲಿ ಇದೆ. ಬಿಲ್ ನೋಡಬಹುದು, ವಿಳಾಸ ಬದಲಾಯಿಸಬಹುದು, ಕಳೆದ ಕಾರ್ಡ್ ನಿಲ್ಲಿಸಬಹುದು. ಚಿಕ್ಕ ದಂಡವನ್ನು ಒಂದು ಮಿತಿಯೊಳಗೆ ಮನ್ನಾ ಮಾಡುವ ಅಧಿಕಾರ ಕೆಲವರಿಗೆ ಇರುತ್ತದೆ. ಅದಕ್ಕಿಂತ ಜಾಸ್ತಿಯದಕ್ಕೆ ಮೇಲಿನ ಹಂತದವರೇ ಬೇಕು. ಮೋಸದ ತನಿಖೆ ಮಾಡುವ ವಿಭಾಗ ಇನ್ನೂ ಬೇರೆ, ಅದು ಇನ್ನೊಂದು ಊರಲ್ಲೋ ಇನ್ನೊಂದು ದೇಶದಲ್ಲೋ ಇರಬಹುದು. ಪ್ರತಿ ವಿಭಾಗಕ್ಕೂ ಗುರುತು ಖಚಿತ ಮಾಡಿಕೊಳ್ಳುವ ನಿಯಮ ಪ್ರತ್ಯೇಕ. ಅದಕ್ಕೇ ಮೂರು ಸಲ ಹುಟ್ಟಿದ ದಿನ ಕೇಳಿದ್ದು. ಕಿರಿಕಿರಿಯೇ ನಿಜ, ಆದರೆ ನಿಮ್ಮ ಹೆಸರು ಹೇಳಿಕೊಂಡು ಬೇರೆ ಯಾರೋ ಫೋನ್ ಮಾಡಿದರೂ ಇದೇ ಬಾಗಿಲು ಅಡ್ಡ ಬರುತ್ತದೆ.

ನಮ್ಮ ಹುಡುಗನ ಕೇಸು ಸಿಕ್ಕಿಹಾಕಿಕೊಂಡದ್ದೂ ಇಲ್ಲೇ. ಕಾರ್ಡ್ ತಡೆದದ್ದು ಮನುಷ್ಯರಲ್ಲ, ಕಂಪ್ಯೂಟರ್. ಎರಡು ದಿನದ ಹಿಂದೆ ಡಲ್ಲಾಸ್‌ನಲ್ಲಿ ಪೆಟ್ರೋಲ್ ಹಾಕಿಸಿದ ಕಾರ್ಡು ಇವತ್ತು ದಾವಣಗೆರೆಯಲ್ಲಿ ರೇಷ್ಮೆ ಸೀರೆ ಕೊಳ್ಳುತ್ತಿದೆ ಅಂದರೆ ಅದಕ್ಕೆ ಅನುಮಾನ ಬರುತ್ತದೆ. "ಇದು ನೀವೇನಾ?" ಅಂತ ಅದು ಕೂಡಲೇ ಅವನ ಅಮೆರಿಕದ ನಂಬರಿಗೆ ಮೆಸೇಜ್ ಕಳಿಸಿತ್ತು. ಆದರೆ ಆ ಸಿಮ್ಮನ್ನು ಅವನು ವಿಮಾನ ಇಳಿದ ಕೂಡಲೇ ತೆಗೆದು ಪರ್ಸಿನಲ್ಲಿ ಇಟ್ಟಿದ್ದ. ಫೋನಿನಲ್ಲಿದ್ದವರೂ ಗುರುತಿಗೆ ಕೋಡ್ ಕಳಿಸಬೇಕಾದದ್ದು ಅದೇ ನಂಬರಿಗೆ. ಪರ್ಸಿನಲ್ಲಿರೋ ಸಿಮ್ಮಿಗೆ ಯಾರು ಎಷ್ಟು ಸಲ ಕೋಡ್ ಕಳಿಸಿದರೆ ಏನು ಬಂತು! ಮನೆಗೆ ಬಂದು ಸಿಮ್ ಹಾಕಿ, ವೈಫೈ ಹಿಡಿಸಿ, ಹೌದು ಅಂತ ಉತ್ತರ ಕಳಿಸಿದ. ಕಾರ್ಡ್ ತೆರೆಯಿತು. ಒಂದು ನಿಮಿಷವೂ ಹಿಡಿಯಲಿಲ್ಲ.

ನಮ್ಮ ಕಾರ್ಡಿನ ಕರೆ ಎಲ್ಲಿಗೆ ಹೋಗುತ್ತದೆ

ಇಲ್ಲಿನ ಬ್ಯಾಂಕುಗಳ ಕಾರ್ಡಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಕರೆ ದೇಶ ಬಿಟ್ಟು ಹೋಗುವುದಿಲ್ಲ. ಹಣ ಪಾವತಿಯ ಮಾಹಿತಿಯನ್ನು ಭಾರತದಲ್ಲೇ ಇಡಬೇಕು ಅಂತ ರಿಸರ್ವ್ ಬ್ಯಾಂಕ್ ಏಪ್ರಿಲ್ 2018ರಲ್ಲಿ ಆದೇಶ ಮಾಡಿದೆ. ಕೆಲಸಗಾರರೂ ಇಲ್ಲೇ ಕಡಿಮೆ ಖರ್ಚಿಗೆ ಸಿಗುವಾಗ ಹೊರಗೆ ಕಳಿಸುವ ಅಗತ್ಯವೂ ಇಲ್ಲ.

ಆದರೆ ದೂರ ಅನ್ನುವುದು ಬರೀ ಕಿಲೋಮೀಟರ್ ಲೆಕ್ಕವಲ್ಲ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಕೂತ ನಿವೃತ್ತ ಮೇಷ್ಟರು ಫೋನ್ ಮಾಡುತ್ತಾರೆ, ಆ ಕಡೆಯವರು ಹಿಂದಿಯಲ್ಲಿ ಪಟಪಟ ಹೇಳುತ್ತಾರೆ. ಮೇಷ್ಟರಿಗೆ ನೋಯ್ಡಾ ಆದರೇನು, ಮನಿಲಾ ಆದರೇನು? ಭಾಷೆ ಆರಿಸುವ ಹಂತದಲ್ಲಿ ಕನ್ನಡಕ್ಕೆ ಯಾವ ಅಂಕಿ ಅಂತ ಕಾದು ಕೇಳಿ ಒತ್ತುವುದು ಒಳ್ಳೆಯದು. ಅವಸರದಲ್ಲಿ ಇಂಗ್ಲಿಷ್ ಒತ್ತಿಬಿಟ್ಟರೆ ಆಮೇಲೆ ಅದೇ ಸಾಲಿನಲ್ಲೇ ಉಳಿಯುತ್ತೀರಿ.

ಊರಿನ ಶಾಖೆಗೇ ಹೋಗಿ ಕೇಳೋಣ ಅಂದರೆ "ಕಾರ್ಡ್ ವಿಭಾಗ ಬೇರೆ ಸರ್" ಎಂಬ ಉತ್ತರ ಬರುತ್ತದೆ. ಸುಮ್ನೆ ಸಾಗಹಾಕುತ್ತಿದ್ದಾರೆ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಎಷ್ಟೋ ಬ್ಯಾಂಕುಗಳಲ್ಲಿ ಕಾರ್ಡಿನ ಲೆಕ್ಕ ಶಾಖೆಯ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ. ಕೆಲವು ಕಡೆ ಕಂಪನಿಯೇ ಬೇರೆ. ಎಸ್‌ಬಿಐ ಕಾರ್ಡ್ ಹಾಗೆಯೇ, ಬ್ಯಾಂಕಿನಿಂದ ಪ್ರತ್ಯೇಕವಾದ ಒಂದು ಕಂಪನಿ.

ಹಾಗಂತ ಜವಾಬ್ದಾರಿ ಜಾರಿಹೋಗುವುದಿಲ್ಲ. 2006ರಷ್ಟು ಹಿಂದೆಯೇ ರಿಸರ್ವ್ ಬ್ಯಾಂಕ್ ಹೊರಗುತ್ತಿಗೆ ಬಗ್ಗೆ ನಿಯಮ ಮಾಡಿ, ಕೆಲಸವನ್ನು ಹೊರಗೆ ಕೊಟ್ಟರೂ ಹೊಣೆ ಬ್ಯಾಂಕಿನದ್ದೇ ಅಂತ ಹೇಳಿದೆ. "ಅದು ಏಜೆನ್ಸಿಯವರ ತಪ್ಪು" ಅನ್ನುವ ಉತ್ತರಕ್ಕೆ ಬೆಲೆ ಇಲ್ಲ.

ಹೋದ ದುಡ್ಡು ವಾಪಸ್ ಬರುವ ದಾರಿ

ನೀವು ಕೊಳ್ಳದ ವಸ್ತುವಿಗೆ ಬಿಲ್ಲಿನಲ್ಲಿ ಹಣ ಬಿದ್ದಿದೆ ಅಂದುಕೊಳ್ಳಿ. ಕಸ್ಟಮರ್ ಕೇರ್‌ನವರು ದುಡ್ಡು ವಾಪಸ್ ಕೊಡಲಾರರು. ಅವರು ಒಂದು ದೂರು ತೆರೆಯುತ್ತಾರೆ. ಆಮೇಲೆ ನಿಮ್ಮ ಬ್ಯಾಂಕು ವೀಸಾ ಅಥವಾ ರುಪೇಯಂಥ ಜಾಲದ ಮೂಲಕ ಅಂಗಡಿಯ ಬ್ಯಾಂಕಿಗೆ ಹಣ ವಾಪಸ್ ಕೇಳುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಅಂಗಡಿಯವರು ಬಿಲ್ಲು, ಡೆಲಿವರಿ ಚೀಟಿ ತೋರಿಸಿ ವಾದ ಮಾಡಬಹುದು. ಮಂಡಿಯಲ್ಲಿ ತೂಕದ ತಕರಾರು ಬಂದರೆ ಎರಡೂ ಕಡೆಯವರ ಚೀಟಿ ತೆಗೆದು ನೋಡುತ್ತಾರಲ್ಲ, ಹಾಗೆ. ಇದೆಲ್ಲ ಕಾಗದದ ಮೇಲೆ ನಡೆಯುತ್ತದೆ. ಫೋನಿನಲ್ಲಿ ಎಷ್ಟು ಜೋರಾಗಿ ಮಾತಾಡಿದರೂ ಇದರ ವೇಗ ಹೆಚ್ಚುವುದಿಲ್ಲ.

ವೇಗ ಬೇಕಾದದ್ದು ನಿಮ್ಮ ಕಡೆಯಿಂದ. ರಿಸರ್ವ್ ಬ್ಯಾಂಕ್ ಜುಲೈ 2017ರಲ್ಲಿ ಹೊರಡಿಸಿದ ನಿಯಮ ಹೀಗಿದೆ. ತಪ್ಪು ಬ್ಯಾಂಕಿನದ್ದಾದರೆ ನಷ್ಟ ನಿಮ್ಮ ಮೇಲೆ ಬರುವುದೇ ಇಲ್ಲ. ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಅಂದರೆ, ಬ್ಯಾಂಕಿನಿಂದ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. 4ರಿಂದ 7 ಕೆಲಸದ ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗೆ ಮಾತ್ರ ನಷ್ಟ: 5 ಲಕ್ಷದವರೆಗಿನ ಲಿಮಿಟ್ಟಿನ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ. ನೀವೇ ಒಟಿಪಿ ಹೇಳಿಬಿಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ತಿಳಿಸಿದ 10 ಕೆಲಸದ ದಿನದೊಳಗೆ ಆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ತೀರ್ಮಾನ ಆಗಬೇಕು. ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೇ ಇದೆ.

ಅಮೆರಿಕದ ಕಾರ್ಡಿಗೆ ಅಮೆರಿಕದ ಕಾನೂನು, ಫೋನ್ ಯಾವ ದೇಶದವರು ಎತ್ತಿದರೂ. ಅಲ್ಲಿ 1974ರ ಕಾಯ್ದೆ ಇದೆ. ಬಿಲ್ಲಿನ ತಪ್ಪನ್ನು 60 ದಿನದೊಳಗೆ ಬರೆದು ತಿಳಿಸಬೇಕು. ಕಾರ್ಡ್ ಕದ್ದು ಬಳಸಿದ್ದರೆ ಗ್ರಾಹಕರ ಹೊಣೆ 50 ಡಾಲರ್ ದಾಟುವಂತಿಲ್ಲ.

ಗುಮಾಸ್ತನನ್ನು ದಾಟಿ ಸಾಹುಕಾರರ ಹತ್ತಿರ

ಮೊದಲು ಒಂದು ಎಚ್ಚರಿಕೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಮೋಸಗಾರರು ತಮ್ಮ ನಂಬರನ್ನೇ ಬ್ಯಾಂಕಿನ ಹೆಸರಲ್ಲಿ ಹಾಕಿರುತ್ತಾರೆ. ಅಲ್ಲಿ ಮಾತ್ರ ಮೊದಲ ರಿಂಗಿಗೇ ಎತ್ತುತ್ತಾರೆ, ಎಷ್ಟು ಬೇಕಾದರೂ ಹೊತ್ತು ಮಾತಾಡುತ್ತಾರೆ! ಕಾರ್ಡಿನ ಹಿಂದಿರುವ ನಂಬರ್ ಸಾಕು. ಅಸಲಿ ಕಸ್ಟಮರ್ ಕೇರ್‌ನವರಿಗೆ ನಿಮ್ಮ ಪಿನ್ ಆಗಲಿ, ಕಾರ್ಡಿನ ಹಿಂದಿನ ಮೂರು ಅಂಕಿ ಆಗಲಿ ಬೇಕಿಲ್ಲ. ಬ್ಯಾಂಕುಗಳು ತಾವಾಗಿ ಮಾಡುವ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ನಂಬರ್‌ಗಳನ್ನು ಕೊಡಲಾಗಿದೆ. ಹಣ ಹೋಗಿಯೇಬಿಟ್ಟಿದ್ದರೆ ಬ್ಯಾಂಕಿನ ಜೊತೆಗೆ 1930ಕ್ಕೂ ಕೂಡಲೇ ಫೋನ್ ಮಾಡಿ. ಅದು ಸೈಬರ್ ಅಪರಾಧದ ಸಹಾಯವಾಣಿ.

ಮಾಮೂಲಿ ದೂರಾದರೆ ಕರೆ ಮುಗಿಯುವ ಮೊದಲು ದೂರಿನ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ಕರೆ ಗಾಳಿಯಲ್ಲಿ ಹೋದ ಮಾತು. ಅದೇ ದಿನ ಅದೇ ವಿಷಯವನ್ನು ಇಮೇಲ್‌ನಲ್ಲೂ ಹಾಕಿ. ಎಲ್ಲಿಗೆ ಹಾಕಬೇಕು ಅನ್ನುವುದು ಬಿಲ್ಲಿನಲ್ಲೇ ಇರುತ್ತದೆ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ದೂರು ನೋಡುವ ಅಧಿಕಾರಿಯ ಹೆಸರು, ನೇರ ಫೋನ್ ನಂಬರ್, ಇಮೇಲ್, ವಿಳಾಸ ಎಲ್ಲವನ್ನೂ ಕಾರ್ಡಿನ ಬಿಲ್ಲಿನಲ್ಲಿ ಹಾಕಬೇಕು. ನಾವು ಕಟ್ಟಬೇಕಾದ ಮೊತ್ತ ನೋಡಿ ಬಿಲ್ ಮುಚ್ಚಿಬಿಡುತ್ತೇವೆ, ಈ ಸಾಲುಗಳವರೆಗೆ ಹೋಗುವವರು ಕಡಿಮೆ.

ಅದೇ ನಿಯಮದಲ್ಲಿ ಕಾರ್ಡ್ ಮುಚ್ಚುವ ಮಾತೂ ಇದೆ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಅಂತ ಕೇಳಿದ 7 ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು. "ಮುಚ್ಚಬೇಡಿ ಸರ್, ಒಳ್ಳೆ ಆಫರ್ ಇದೆ" ಅಂತ ಅರ್ಧ ಗಂಟೆ ಎಳೆದರೆ ಈ 500ರ ಮಾತು ತೆಗೆದು ನೋಡಿ.

30 ದಿನ ಕಳೆದರೂ ಉತ್ತರ ಬರಲಿಲ್ಲ ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಅಂದರೆ ಮುಂದಿನ ಬಾಗಿಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಅಂದರೆ ಗ್ರಾಹಕರ ಮತ್ತು ಬ್ಯಾಂಕಿನ ಜಗಳ ಬಗೆಹರಿಸಲು ಇರುವ ಅಧಿಕಾರಿ. ಬೇರೆ ಬೇರೆ ಇದ್ದ ಯೋಜನೆಗಳನ್ನು ನವೆಂಬರ್ 2021ರಲ್ಲಿ ಒಂದೇ ಮಾಡಿದ್ದಾರೆ. ಶುಲ್ಕ ಇಲ್ಲ. ಮೊದಲು ಬ್ಯಾಂಕಿಗೇ ಬರೆದು ದೂರು ಕೊಟ್ಟಿರಬೇಕು ಎನ್ನುವುದು ಮುಖ್ಯ ಷರತ್ತು. ಇಮೇಲ್ ಹಾಕಿ ಅಂತ ಮೇಲೆ ಹೇಳಿದ್ದು ಅದಕ್ಕೇ. ರಿಸರ್ವ್ ಬ್ಯಾಂಕಿನ ದೂರಿನ ಜಾಲತಾಣದಲ್ಲಿ ಇದನ್ನು ಸಲ್ಲಿಸಬಹುದು, ಹೇಗೆ ಅಂತ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಬಹುದು.

ಕಂಪ್ಯೂಟರ್ ಗೊಡವೆಯೇ ಬೇಡ ಅನ್ನುವವರು ಪತ್ರ ಬರೆಯಬಹುದು. ದೇಶದ ಅಂಥ ಪತ್ರಗಳೆಲ್ಲ ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರಕ್ಕೆ ಹೋಗುತ್ತವೆ. ದಾವಣಗೆರೆಯಿಂದ ಚಂಡೀಗಢ ನೋಯ್ಡಾಗಿಂತಲೂ ದೂರ. ಆದರೆ ಅಲ್ಲಿ ಯಾವ ಭಾಷೆಯ ದೂರನ್ನಾದರೂ ತೆಗೆದುಕೊಳ್ಳುತ್ತಾರೆ. ಮೇಷ್ಟರು ಕನ್ನಡದಲ್ಲೇ ಬರೆದು, ಹತ್ತಿರದ ಅಂಚೆ ಕಚೇರಿಯಲ್ಲಿ ಹಾಕಿ, ರಸೀದಿ ಇಟ್ಟುಕೊಂಡರೆ ಆಯಿತು.